ಮೂರು ಮೈಕು, ಒಂದು ಗಂಟಲು

ಮಾರ್ಚ್ 3, ಸೋಮವಾರ

ಇವತ್ತು ಮತ್ತೊಬ್ಬ ಫೋನಿನಲ್ಲಿ ನನ್ನನ್ನು ಸಾರ್ ಅಂದ. “ಸಾರ್, ನನ್ನ ಛತ್ರಿ ಸಿಕ್ಕಿದೆಯಾ ಸಾರ್? ಕಪ್ಪು ಬಣ್ಣದ್ದು ಸಾರ್.” ಕಪ್ಪು ಛತ್ರಿ ನನ್ನ ಕೋಣೆಯಲ್ಲಿ ನಲವತ್ತೊಂದು ಇವೆ. “ಸಿಕ್ಕಿಲ್ಲ” ಅಂತ ಒಂದೇ ಮಾತು ಹೇಳಿ ಫೋನ್ ಕುಕ್ಕಿದೆ. ಕುಕ್ಕಿದ ಮೇಲೂ ಸಿಟ್ಟು ಇಳಿಯಲಿಲ್ಲ. ಒಂದು ರಟ್ಟು ಹುಡುಕಿ, ‘ವಿಚಾರಣೆಗೆ ಖುದ್ದಾಗಿ ಬನ್ನಿ, ಫೋನಿನಲ್ಲಿ ಉತ್ತರ ಕೊಡುವುದಿಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದು ಕಿಟಕಿಗೆ ನೇತುಹಾಕಿದೆ. ಫೋನ್ ಮಾಡುವವನಿಗೆ ಕಿಟಕಿಯ ರಟ್ಟು ಹೇಗೆ ಕಾಣುತ್ತೆ ಅನ್ನೋದು ಹೊಳೆದದ್ದು ಮನೆಗೆ ಬಂದ ಮೇಲೆ.

ಇಪ್ಪತ್ತಾರು ವರ್ಷ ಈ ರೈಲು ನಿಲ್ದಾಣದ ಪ್ರಕಟಣೆಯ ದನಿ ನಾನು. ನನ್ನ ಮುಖ ನೋಡಿದವರು ಕಡಿಮೆ, ದನಿ ಕೇಳದವರಿಲ್ಲ. ಹೋದ ವರ್ಷ ಗಂಟಲಲ್ಲಿದ್ದ ಒಂದು ಗಂಟು ತೆಗೆದರು. “ಏನೂ ಭಯ ಇಲ್ಲಮ್ಮ, ದನಿ ಮಾತ್ರ ಇನ್ನು ಹೀಗೇ” ಅಂದರು ಡಾಕ್ಟರು. ಹೀಗೇ ಅಂದರೆ, ಜಲ್ಲಿಯ ಮೇಲೆ ಕಬ್ಬಿಣದ ಪೆಟ್ಟಿಗೆ ಎಳೆದ ಹಾಗೆ. ನನ್ನ ಗಾಜಿನ ಕೋಣೆಯ ಕುರ್ಚಿಗೆ ಹೊಸ ಹುಡುಗಿ ಬಂದಳು. ನನ್ನನ್ನು ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದರು.

ಆದರೆ ಮೇಲಿನವಳು ಇನ್ನೂ ಇದ್ದಾಳೆ. ಆರು ವರ್ಷದ ಹಿಂದೆ ನಾನೇ ಧ್ವನಿಮುದ್ರಣ ಮಾಡಿಕೊಟ್ಟ ಎಚ್ಚರಿಕೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಾನೇ ತಾನಾಗಿ ಮೊಳಗುತ್ತೆ. “ಪ್ರಯಾಣಿಕರ ಗಮನಕ್ಕೆ. ದಯವಿಟ್ಟು ಹಳದಿ ಗೆರೆಯ ಹಿಂದೆ ನಿಲ್ಲಿ.” ಎಂಥಾ ದನಿ! ನನ್ನ ಕೋಣೆಯ ಬಾಗಿಲ ಮೇಲೂ ಒಂದು ಸ್ಪೀಕರ್ ಇದೆ. ಮಧ್ಯಾಹ್ನ ಸರಿಯಾಗಿ ಅದರ ಕೆಳಗೆ ಕೂತು ಡಬ್ಬಿ ಬಿಚ್ಚುತ್ತೇನೆ. ಅವಳು ಮಾತಾಡುವಾಗ ಅಗಿಯುವುದನ್ನೂ ನಿಲ್ಲಿಸುತ್ತೇನೆ.

ಸಂಜೆ ಇವರು ಅಂಗಡಿಯಿಂದ ಬಂದವರೇ ಮುಖ ಅರಳಿಸಿಕೊಂಡು ನಿಂತರು. ಇವರ ಕನ್ನಡಕದ ಅಂಗಡಿಗೆ ಒಬ್ಬ ಮೇಡಂ ಬಂದಿದ್ದರಂತೆ. ಪುಸ್ತಕಗಳನ್ನು ಓದಿಸಿ, ಧ್ವನಿಮುದ್ರಿಸಿ, ಕೇಳುವವರಿಗೆ ಕೊಡುವ ಸಂಸ್ಥೆ ಅವರದು. ಓದೋಕೆ ಜನ ಬೇಕಂತೆ. “ನನ್ನ ಹೆಂಡತಿ ಇದಾಳೆ, ಇಪ್ಪತ್ತಾರು ವರ್ಷದ ಅನುಭವ ಅಂತ ಹೇಳ್ಬಿಟ್ಟೆ ಕಣೇ!”

“ನನ್ನ ಕೇಳದೆ?”

“ಕೇಳಿದ್ರೆ ಬೇಡ ಅಂತಿದ್ದೆ.”

ಬೇಡ ಅಂತಲೇ ಅಂದೆ. ಆಮೇಲೆ ಯೋಚಿಸಿದೆ. ಗಾಜಿನ ಕೋಣೆಯಲ್ಲಿ ನನ್ನ ದನಿಯ ಅರ್ಧ ಕೆಲಸ ಮಾಡುತ್ತಿದ್ದದ್ದು ಮೈಕು. ಒಳ್ಳೇ ಮೈಕು ಸಿಕ್ಕರೆ ಹಳೇ ದನಿ ಎಲ್ಲಿ ಹೋಗುತ್ತೆ? ಬರಲೇಬೇಕು.

ಮಾರ್ಚ್ 6, ಗುರುವಾರ

ಪುಸ್ತಕ ಬಂತು. ದೋಣಿ ನಡೆಸುವ ಒಬ್ಬ ಹೆಂಗಸು ಅರವತ್ತನೇ ವಯಸ್ಸಿನಲ್ಲಿ ತನ್ನ ಕಥೆ ತಾನೇ ಹೇಳಿಕೊಳ್ಳುತ್ತಾಳೆ. ಹದಿನಾಲ್ಕು ಅಧ್ಯಾಯ. ಮೊದಲ ಐದು ಪುಟ ಓದಿ ಕಳಿಸಬೇಕು. ತಿಂಗಳ ಕೊನೆಯೊಳಗೆ. ಮೇಡಂಗೆ ಇಷ್ಟವಾದರೆ ಪೂರ್ತಿ ಪುಸ್ತಕ ನನ್ನದು. ವಾರಕ್ಕೊಂದು ಅಧ್ಯಾಯ, ನನ್ನದೇ ಜಾಗದಲ್ಲಿ ಕೂತು ಓದಬಹುದು.

ಹೇಳಿಬಿಡುತ್ತೇನೆ, ಇಲ್ಲಿ ನನ್ನ ಬಿಟ್ಟು ಓದುವವರು ಯಾರೂ ಇಲ್ಲ: ನನಗಿದು ಬೇಕೇ ಬೇಕು. ಛತ್ರಿ ಎಣಿಸಿಕೊಂಡು ನಿವೃತ್ತಿಯ ತನಕ ಇನ್ನು ಹನ್ನೊಂದು ವರ್ಷ ಕೂರಲಾರೆ.

ಮಾರ್ಚ್ 8, ಶನಿವಾರ

ಮೈಕಿನ ಅಂಗಡಿಗೆ ಹೋದೆ. ಮಾಲೀಕರು ಒಂದು ವಿಚಿತ್ರ ಪ್ರಾಣಿ. ಸುತ್ತ ಮುತ್ತ ಇರೋದೆಲ್ಲ ಕಿವಿ ಹರಿಯುವ ಸಾಮಾನು, ಮನುಷ್ಯ ಮಾತಾಡೋದು ಮಾತ್ರ ಪಿಸಪಿಸ. ಮಲಗಿದ ಮಗು ಪಕ್ಕದಲ್ಲಿದೆ ಅನ್ನೋ ಹಾಗೆ. ನಾನು ಒಳಗೊಳಗೇ ಪಿಸುಮಾತಿನ ಸಾಹೇಬರು ಅಂತ ಹೆಸರಿಟ್ಟೆ.

“ಹೊಸದಾಗಿ ಶುರು ಮಾಡ್ತಿದೀರಾ? ಕೋಣೆ ಹೇಗಿದೆ ತಾಯಿ?” ಅಂದರು.

“ನನ್ನ ಕೋಣೆ ಕಟ್ಟಿಕೊಂಡು ನಿಮಗೇನು? ಮೈಕು ತೋರಿಸಿ.”

“ಮೈಕು ಆರಿಸೋದು ಕೋಣೆ ನೋಡ್ಕೊಂಡು. ದನಿ ನೋಡ್ಕೊಂಡು ಆಮೇಲೆ.”

ನನಗೆ ಪಾಠ! ಇಪ್ಪತ್ತಾರು ವರ್ಷ ಮೈಕಿನ ಮುಂದೆ ಕೂತವಳಿಗೆ! ಕಪಾಟಿನಲ್ಲಿದ್ದ ಎಲ್ಲಕ್ಕಿಂತ ದಪ್ಪದ, ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಮೈಕಿಗೆ ಬೆರಳು ತೋರಿಸಿದೆ. ಕಂಡೆನ್ಸರ್ ಅಂತೆ. ಅವರು ಅದನ್ನೇ ಕಟ್ಟಿಕೊಟ್ಟರು. ಒಂದು ತಿಂಗಳು ಇಟ್ಟುಕೊಂಡು ನೋಡಿ, ಒಗ್ಗದಿದ್ದರೆ ಬದಲಾಯಿಸಿಕೊಡ್ತೀನಿ ಅಂದರು. ಒಳ್ಳೆಯವರೇ. ಸ್ವಲ್ಪ ಜೋರಾಗಿ ಮಾತಾಡಿದ್ದರೆ ಇನ್ನೂ ಒಳ್ಳೆಯವರು.

ಮಾರ್ಚ್ 9, ಭಾನುವಾರ

ಈ ಮೈಕಿಗೆ ನಾಚಿಕೆ ಮಾನ ಮರ್ಯಾದೆ ಏನೂ ಇಲ್ಲ. ಕೇಳಬಾರದ್ದನ್ನೆಲ್ಲ ಕೇಳುತ್ತೆ. ಮಲಗುವ ಕೋಣೆಯ ಬಾಗಿಲು ಹಾಕಿ, ಫ್ಯಾನ್ ಆರಿಸಿ, ಬೆವರಿಳಿಸಿಕೊಂಡು ಒಂದು ಪುಟ ಓದಿದೆ. ಕೇಳಿದರೆ ಏನಿದೆ ಅದರಲ್ಲಿ? ಮೇಲಿನ ಮನೆಯವರ ನಲ್ಲಿ. ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದದ್ದು. ಗಡಿಯಾರದ ಟಿಕ್ ಟಿಕ್. ಅಡುಗೆಮನೆಯಲ್ಲಿ ಇವರು ಕದ್ದು ಸಕ್ಕರೆ ಡಬ್ಬಿ ತೆಗೆದದ್ದು ಕೂಡ. ಇವರಿಗೆ ಡಾಕ್ಟರು ಸಕ್ಕರೆ ಬೇಡ ಅಂದಿದ್ದಾರೆ.

“ರೀ, ಹನ್ನೊಂದು ಗಂಟೆ ಹೊತ್ತಿಗೆ ಏನು ಮಾಡ್ತಿದ್ರಿ?”

“ಏನೂ ಇಲ್ಲವಲ್ಲ.”

ಹಾಕಿ ಕೇಳಿಸಿದೆ. ಡಬ್ಬಿಯ ಮುಚ್ಚಳ, ಚಮಚ, ಆಮೇಲೆ ತೃಪ್ತಿಯ ಒಂದು ಚಪ್ಪರಿಕೆ. ಕಳ್ಳ ಸಿಕ್ಕಿಬಿದ್ದ. ಅಷ್ಟರಮಟ್ಟಿಗೆ ಮೈಕು ಉಪಯೋಗಕ್ಕೆ ಬಂತು. ಆದರೆ ಈ ಗದ್ದಲದ ನಡುವೆ ಒಂದು ಒಡಕು ದನಿಯೂ ಇತ್ತು. ಅದೇನು ಮೈಕೋ, ಕರಗಸವೋ. ವಾಪಸು.

ಮಾರ್ಚ್ 11, ಮಂಗಳವಾರ

ಎರಡನೇ ಮೈಕು. ಇದು ಡೈನಮಿಕ್, ಕೈಯಲ್ಲಿ ಹಿಡಿಯುವ ಕೋಲಿನ ಥರದ್ದು. “ಇದು ದೂರದ್ದನ್ನ ಕೇಳಲ್ಲ ತಾಯಿ, ಗದ್ದಲದ ಮನೆಗೆ ಇದೇ ಸರಿ. ಆದರೆ ತೀರಾ ಹತ್ತಿರ ಹೋಗಿ ಮಾತಾಡಬೇಕು” ಅಂದರು ಪಿಸುಮಾತಿನ ಸಾಹೇಬರು.

ಹತ್ತಿರ ಹೋದೆ. ನಲ್ಲಿ ಇಲ್ಲ, ಸ್ಕೂಟರ್ ಇಲ್ಲ, ಸಕ್ಕರೆ ಇಲ್ಲ. ನಾನೊಬ್ಬಳೇ. ಅರ್ಧ ಪುಟಕ್ಕೇ ನಿಲ್ಲಿಸಿದೆ. ಕರ್ಕಶ. ಪ್ರತಿ ಉಸಿರೂ ಕೇಳುತ್ತೆ. ಇದನ್ನು ಮಾಡಿದವನಿಗೆ ಕಿವಿ ಇದೆಯೋ ಇಲ್ಲವೋ.

ಮಾರ್ಚ್ 12, ಬುಧವಾರ

ವಾಪಸು ಕೊಟ್ಟೆ. ಸಾಹೇಬರು ನನ್ನ ಮುಖ ನೋಡಿ ಮೂರನೆಯದು ಕೊಟ್ಟರು. ಇದೂ ಕಂಡೆನ್ಸರೇ, ಆದರೆ ಒಂದು ಬದಿಯಿಂದ ಬರುವ ದನಿಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತಂತೆ, ಬೆನ್ನ ಹಿಂದಿನದಕ್ಕೆ ಅಷ್ಟಾಗಿ ಕಿವಿಗೊಡುವುದಿಲ್ಲವಂತೆ. ಎಷ್ಟು ದೂರ ಇಡಬೇಕು, ಹೇಗೆ ಇಡಬೇಕು ಅಂತ ಪಿಸಪಿಸ ಅಂತಲೇ ಇದ್ದರು. ಹೊರಗೆ ಲಾರಿ ಹೋಗುತ್ತಿತ್ತು, ಒಂದಕ್ಷರ ಕೇಳಿಸಲಿಲ್ಲ. ಎರಡು ಸಲ ‘ಹಾಂ?’ ಅಂದೆ. ಮೂರನೇ ಸಲ ಸಂಕೋಚವಾಗಿ ‘ಆಯ್ತು ಆಯ್ತು’ ಅಂತ ಬಂದುಬಿಟ್ಟೆ.

ಮಾರ್ಚ್ 14, ಶುಕ್ರವಾರ

ಯುರೇಕಾ ಅನ್ನಬೇಕು ಅನ್ನಿಸುತ್ತಿದೆ! ಜಾಗ ಸಿಕ್ಕಿತು. ನನ್ನ ಕಳೆದುಹೋದ ಸಾಮಾನುಗಳ ಕೋಣೆಯೇ! ಯಾರೂ ಕೇಳಿಕೊಂಡು ಬಾರದ ಅರವತ್ತು ಕೋಟು, ಕಂಬಳಿ, ಶಾಲುಗಳನ್ನು ನನ್ನ ಕುರ್ಚಿಯ ಹಿಂದೆ ಎರಡು ಸಾಲಾಗಿ ನೇತುಹಾಕಿದ್ದೇನಲ್ಲ, ಅವುಗಳ ಮುಂದೆ ಕೂತು ಮಾತಾಡಿದರೆ ದನಿ ಅಲ್ಲೇ ಹೀರಿಕೊಂಡು ಹೋಗುತ್ತೆ. ಮಧ್ಯಾಹ್ನ ಒಂದರಿಂದ ಎರಡು ಕಿಟಕಿ ಮುಚ್ಚಿರುತ್ತೆ. ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಅಪ್ಪಣೆ ಕೇಳಿದೆ. “ಓದಿಕೊಳ್ಳಿ ಮೇಡಂ, ಅದಕ್ಕೇನಂತೆ” ಅಂದರು. ಪಾಪ, ನನ್ನ ಕುರ್ಚಿ ಬದಲಾಯಿಸಿದ ದಿನದಿಂದ ಅವರು ನನ್ನ ಕಣ್ಣು ತಪ್ಪಿಸುತ್ತಾರೆ. ಏನು ಕೇಳಿದರೂ ಹೂಂ ಅನ್ನುತ್ತಾರೆ.

ಮೇಜಿನ ಮೇಲೆ ಮೈಕು ಇಟ್ಟೆ. ಅದರ ಒಂದು ಬದಿಯಲ್ಲಿ ಪುಟ್ಟ ಹೃದಯದಂಥ ಗುರುತಿದೆ, ಬಂಗಾರದ ಬಣ್ಣದ್ದು. ಅದನ್ನು ಬಾಗಿಲ ಕಡೆ ತಿರುಗಿಸಿಟ್ಟೆ. ನಿಲ್ದಾಣದಲ್ಲಿ ಕೆಲಸ ಮಾಡಿದವರಿಗೆ ಇದು ರಕ್ತದಲ್ಲೇ ಬಂದಿರುತ್ತೆ: ಗಡಿಯಾರ, ಫಲಕ, ಕ್ಯಾಲೆಂಡರ್, ಗಂಟೆ, ಮುಖ ಅಂತ ಇರುವ ಯಾವುದನ್ನೇ ಆಗಲಿ ಪ್ರಯಾಣಿಕರ ಕಡೆ ತಿರುಗಿಸಿಡಬೇಕು. ಬೆನ್ನು ನಮಗೆ.

ಓದಿದೆ. ಕೇಳಿದೆ. ಬಂತು! ದನಿ ಬಂತು! ಸ್ವಲ್ಪ ದೂರದಿಂದ, ಮೆತ್ತಗೆ, ದೊಡ್ಡ ಹಜಾರದ ಆ ತುದಿಯಿಂದ ಬರುವ ಹಾಗೆ. ಒಡಕು ಎಲ್ಲಿದೆ ಅಂತ ಹುಡುಕಬೇಕು. ಇದೇ ಮೈಕು, ಇದೇ, ಇದೇ. ಮನೆಗೆ ಬಂದು ಇವರಿಗೆ ಕೇಳಿಸಿದೆ.

“ಚೆನ್ನಾಗಿದೆ” ಅಂದರು. “ಯಾಕೆ ಅಷ್ಟು ದೂರ ಕೂತಿದ್ದೆ?”

ಇವರಿಗೆ ಕಣ್ಣಿನ ವಿಷಯ ಗೊತ್ತು, ಕಿವಿಯದ್ದು ಗೊತ್ತಿಲ್ಲ.

ಮಾರ್ಚ್ 18, ಮಂಗಳವಾರ

ಐದು ಪುಟ ಮುಗಿಸಿ ಕಳಿಸಿದೆ. ಹದಿಮೂರು ದಿನ ಮೊದಲೇ! ನಾಲ್ಕನೇ ಪುಟದ ನಡುವೆ ಮೇಲಿನವಳು ಬಾಯಿ ಹಾಕಿದಳು, “ಪ್ರಯಾಣಿಕರ ಗಮನಕ್ಕೆ” ಅಂತ. ತೆಗೆದುಹಾಕಿ ಮತ್ತೆ ಓದಬಹುದಿತ್ತು. ಮನಸ್ಸಾಗಲಿಲ್ಲ. ಅವಳೂ ನಾನೂ ಜೊತೆಗೆ ಓದಿದ ಹಾಗಿತ್ತು. ದೋಣಿ ಕಥೆಯಲ್ಲಿ ಹಳದಿ ಗೆರೆ ಎಲ್ಲಿಂದ ಬಂತು ಅಂತ ಕೇಳಿದರೆ ಕೇಳಲಿ.

ಇವತ್ತು ಒಂದು ಜೊತೆ ಹಲ್ಲಿನ ಸೆಟ್ಟು ಸಿಕ್ಕಿದೆ, ಮೂರನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ. ಹಲ್ಲು ಮರೆತು ರೈಲು ಹತ್ತುವವರೂ ಇದ್ದಾರಲ್ಲ. ನಗು ಬಂತು.

ಮಾರ್ಚ್ 20, ಗುರುವಾರ

ಮೇಡಂ ಫೋನ್ ಮಾಡಿದ್ದರು, ಇವರ ಫೋನಿಗೆ. ಇವರು ನನ್ನ ಕೈಗೆ ತುರುಕಿ ಪಕ್ಕದಲ್ಲೇ ನಿಂತರು.

“ಮೇಡಂ, ನಿಮ್ಮ ಮಾದರಿ ಕೇಳಿದೆ. ಒಂದು ವಿಷಯ ಕೇಳ್ಲಾ? ನಾಲ್ಕನೇ ಪುಟದಲ್ಲಿ ಮಧ್ಯೆ ಒಂದು ದನಿ ಬರುತ್ತಲ್ಲ, ಅದು ಯಾರದು? ಏನು ಸ್ಪಷ್ಟ, ಏನು ಸೊಗಸು! ಅವರ ನಂಬರ್ ಸಿಗುತ್ತಾ?”

ಬಾಯಿಗೆ ಏನು ಬಂತೋ ಅದನ್ನೇ ಹೇಳಿದೆ. “ನಿಲ್ದಾಣದಲ್ಲಿ ಮೊದಲು ಕೆಲಸ ಮಾಡ್ತಿದ್ದವಳು. ಈಗಿಲ್ಲ.”

“ಅಯ್ಯೋ ಪಾಪ. ಏನಾಗಿತ್ತು?”

“ಗಂಟಲು.”

ಇವರು ನನ್ನನ್ನೇ ನೋಡುತ್ತಿದ್ದರು. ನಾನು ಗೋಡೆ ನೋಡಿದೆ.

ಆಮೇಲೆ ಮೇಡಂ ಹೇಳಿದರು, ನನ್ನ ದನಿ ಮಾತ್ರ ಎಲ್ಲೋ ಹಿಂದೆ ಇದೆ ಅಂತ. ಮೈಕಿನ ಬೆನ್ನಿಗೆ ಓದಿದ್ದೀನಂತೆ. ಗುರುತಿರುವ ಬದಿ ಬಾಯಿಯ ಕಡೆ ಇರಬೇಕಂತೆ. “ಎಲ್ಲರೂ ಮಾಡೋ ತಪ್ಪು, ಬೇಜಾರು ಮಾಡ್ಕೋಬೇಡಿ. ತಿರುಗಿಸಿ ಇನ್ನೊಂದ್ಸಲ ಓದಿ ಕಳಿಸಿ. ಮೂವತ್ತೊಂದರವರೆಗೆ ಕಾಯ್ತೀನಿ. ಈಗಿರೋದು ಕೇಳಿ ಏನೂ ಹೇಳೋಕಾಗಲ್ಲ, ನೀವು ಅದರಲ್ಲಿ ಇಲ್ವೇ ಇಲ್ಲ.”

ಬಂಗಾರದ ಹೃದಯ ಪ್ರಯಾಣಿಕರಿಗೆ, ಬೆನ್ನು ನನಗೆ. ನಾಲ್ಕು ದಿನ ಆ ಮೈಕು ನನ್ನ ಬಿಟ್ಟು ಬಾಗಿಲ ಮೇಲಿನ ಸ್ಪೀಕರನ್ನು ಕೇಳುತ್ತಾ ಕೂತಿತ್ತು.

ಮಾರ್ಚ್ 21, ಶುಕ್ರವಾರ

ತಿರುಗಿಸಿದೆ. ಓದಿದೆ. ಕೇಳಿದೆ.

ಅದೇ ಒಡಕು. ಎರಡನೇ ಮೈಕಿನದ್ದೇ, ಮೊದಲನೇ ಮೈಕಿನದ್ದೇ. ಒಂದು ಗೇಣು ದೂರದಲ್ಲಿ.

ಮಾರ್ಚ್ 22, ಶನಿವಾರ

ಅಂಗಡಿಗೆ ಹೋಗಿ ಜಗಳವಾಡಿದೆ. ಮೂರೂ ಮೈಕು ಕೆಟ್ಟಿವೆ, ಕೆಟ್ಟ ಸಾಮಾನು ಇಟ್ಟುಕೊಂಡು ಕೂತಿದ್ದೀರಿ, ನಾಲ್ಕನೇದು ಕೊಡಿ ಅಂದೆ. ಇಬ್ಬರು ಗಿರಾಕಿಗಳು ಗಿಟಾರು ಬಿಟ್ಟು ನನ್ನ ಕಡೆ ತಿರುಗಿದರು. ಸಾಹೇಬರು ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಹೇಳಿದರು. ಇದೊಂದು ಮಾತು ಮಾತ್ರ ಪಿಸುಗುಟ್ಟಲಿಲ್ಲ.

“ನಾಲ್ಕನೇ ಮೈಕು ಕೊಡ್ತೀನಿ ತಾಯಿ. ಐದನೇದೂ ಕೊಡ್ತೀನಿ. ಇನ್ನೊಂದು ಗಂಟಲು ನನ್ನ ಹತ್ರ ಇಲ್ಲ.”

ಅಂಗಡಿ ಮೆಟ್ಟಿಲಿಳಿದು ಬಸ್ ನಿಲ್ದಾಣದ ತನಕ ನಡೆದೆ. ಅಲ್ಲಿ ಕೂತು ಅತ್ತೆ. ಅಳುವುದರಲ್ಲೂ ಒಡಕೇ.

ಮಾರ್ಚ್ 24, ಸೋಮವಾರ

ಏನೂ ಇಲ್ಲ. ಛತ್ರಿ ನಲವತ್ತಮೂರು.

ಮಾರ್ಚ್ 26, ಬುಧವಾರ

ಸಂಜೆ ಮನೆಯಲ್ಲಿ ಮೈಕು ಹಚ್ಚಿ ಎರಡು ಸಾಲು ಓದಿದೆ, ಹಟಕ್ಕೆ. ಇವರು ಬಂದು ಅಡ್ಡ ನಿಂತರು, ಕನ್ನಡಕ ಕಾಣುತ್ತಿಲ್ಲ ಅಂತ. ಅಲ್ಲಿಗೆ ಓದು ನಿಂತಿತು. ಐದು ದಿನ ಉಳಿದಿದೆ. ಮೇಡಂಗೆ ಆಗಲ್ಲ ಅಂತ ಹೇಳಿಬಿಡಿ ಅಂತ ಇವರಿಗೆ ಹೇಳಿದೆ. “ಭಾನುವಾರದ ತನಕ ತಡಿ” ಅಂದರು. ಭಾನುವಾರ ಏನಿದೆಯೋ.

ಮಾರ್ಚ್ 30, ಭಾನುವಾರ

ಏನಿತ್ತು ಅಂತ ಈಗ ಗೊತ್ತಾಯಿತು. ನನ್ನ ಗಂಡನಿಗೆ ಹುಚ್ಚು ಹಿಡಿದಿದೆ, ಒಳ್ಳೇ ಥರದ್ದು.

ಬೆಳಿಗ್ಗೆ ಅಂಗಡಿಯ ಪರೀಕ್ಷೆ ಕುರ್ಚಿ ಥರ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿ, ಕಣ್ಣಿಗೆ ಟವೆಲ್ ಕಟ್ಟಿದರು. ಅಂಗಡಿಯಲ್ಲಿ ಮಸೂರ ಬದಲಾಯಿಸುತ್ತಾ ಗಿರಾಕಿಗಳನ್ನು ಕೇಳುವ ಅದೇ ರಾಗದಲ್ಲಿ ಶುರು ಮಾಡಿದರು.

“ಈಗ ನೋಡಿ… ಅಲ್ಲಲ್ಲ, ಕೇಳಿ. ಒಂದನೇದು.” ಮೈಕಿನ ಬೆನ್ನಿಗೆ ಓದಿದ್ದು. “ಎರಡನೇದು.” ಮೈಕು ತಿರುಗಿಸಿ ಓದಿದ್ದು. “ಯಾವುದು ಚೆನ್ನಾಗಿ ಕಾಣುತ್ತೆ? ಒಂದಾ, ಎರಡಾ?”

“ಒಂದು.”

“ಸರಿ. ಒಂದರಲ್ಲಿ ಆ ಹೆಂಗಸು ಎಲ್ಲಿದಾಳೆ?”

“ದೂರದಲ್ಲಿ.”

“ಎರಡರಲ್ಲಿ?”

“ಮೂಗಿನ ಮೇಲೆ ಕೂತಿದಾಳೆ. ಆದರೆ ಯಾವುದೋ ಪಟ್ಟಿ ಓದ್ತಿದಾಳೆ, ರೈಲಿನ ವೇಳಾಪಟ್ಟಿ.”

ಹೇಳಿದ ಮೇಲೆ ನನಗೇ ಅನ್ನಿಸಿತು, ಹೌದಲ್ವಾ ಅಂತ. ಪ್ರತಿ ಸಾಲಿನ ಕೊನೆಗೂ ದನಿ ಮೇಲಕ್ಕೆತ್ತಿ, ಎರಡು ಉಸಿರು ಬಿಟ್ಟು, ಹಜಾರದಲ್ಲಿ ಪ್ರತಿಧ್ವನಿ ಆರುವುದಕ್ಕೆ ಕಾಯುತ್ತಿದ್ದೇನೆ. “ನನ್ನ ಮೊದಲ ದೋಣಿ ಮುಳುಗಿದ ದಿನ…” ಅನ್ನುವುದನ್ನು ಎರಡನೇ ಪ್ಲಾಟ್‌ಫಾರ್ಮಿಗೆ ಬರಲಿದೆ ಅನ್ನುವ ಹಾಗೆ ಓದಿದ್ದೇನೆ!

“ಈಗ ಮೂರನೇದು” ಅಂದರು ಇವರು.

ಮೂರನೆಯದು ಯಾವುದು ಅಂತ ಯೋಚಿಸುವಷ್ಟರಲ್ಲಿ ಶುರುವಾಯಿತು. ಒಬ್ಬ ಹೆಂಗಸು ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

“ಊರಿಗೆಲ್ಲ ಕನ್ನಡಕ ಹಂಚೋ ಮನುಷ್ಯ, ನಿಮ್ಮ ಕನ್ನಡಕ ಎಲ್ಲಿದೆ ಅಂತ ನನ್ನ ಕೇಳ್ತೀರಲ್ರೀ! ಕಳೆದುಹೋದ ಸಾಮಾನಿನ ಕೋಣೆ ಇರೋದು ನಿಲ್ದಾಣದಲ್ಲಿ, ಇಲ್ಲಲ್ಲ. ಆಯ್ತು, ಬನ್ನಿ, ಅರ್ಜಿ ಕೊಡಿ. ಸಾಮಾನಿನ ಬಣ್ಣ? ಗುರುತು? ಕೊನೇ ಸಲ ಎಲ್ಲಿ ನೋಡಿದ್ರಿ? ನೋಡೋದು ಹೇಗೆ, ಕನ್ನಡಕವೇ ಇಲ್ವಲ್ಲ, ಪಾಪ! ಸ್ವಲ್ಪ ಹಣೆ ಮೇಲೆ ಕೈ ಇಟ್ಕೊಳ್ಳಿ. ಇನ್ನೂ ಮೇಲೆ. ಹಾಂ. ಸಿಕ್ತಾ? ಸಹಿ ಹಾಕಿ ತಗೊಂಡು ಹೋಗಿ.”

ಬಿದ್ದು ಬಿದ್ದು ನಕ್ಕೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದಾಳೆ, ಎಲ್ಲಿ ಕುಟುಕಬೇಕೋ ಅಲ್ಲಿ ಕುಟುಕಿದ್ದಾಳೆ. ಆ ‘ಪಾಪ’ ಇದೆಯಲ್ಲ, ಅದನ್ನು ಮಾತ್ರ ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದೆ. ಬುಧವಾರ ಮೈಕು ಆರಿಸುವುದನ್ನು ಮರೆತಿದ್ದೆ, ಇವರು ಅದನ್ನು ಎತ್ತಿಟ್ಟುಕೊಂಡಿದ್ದರು.

“ಯಾವುದು ಚೆನ್ನಾಗಿ ಕಾಣುತ್ತೆ?”

“ಮೂರು” ಅಂದೆ. ಟವೆಲ್ ಬಿಚ್ಚಿದಾಗ ಇವರು ತಮ್ಮ ಕನ್ನಡಕ ಒರೆಸುತ್ತಿದ್ದರು, ಬಹಳ ಹೊತ್ತು ಒರೆಸಿದರು.

ಕೂಡಲೇ ಪುಸ್ತಕ ತೆಗೆದೆ. ದೋಣಿಯವಳು ಪ್ರಕಟಣೆ ಮಾಡುತ್ತಿಲ್ಲ, ಎದುರಿಗೆ ಕೂತ ಯಾರಿಗೋ ಹೇಳುತ್ತಿದ್ದಾಳೆ. ಯಾರಿಗೆ? ಇವರನ್ನೇ ಎದುರಿಗೆ ಕೂರಿಸಿದೆ. ಸಾಲಿನ ಕೊನೆಗೆ ದನಿ ಎತ್ತಿದರೆ ಕೈ ತೋರಿಸಿ ಅಂದೆ. ಮೊದಲ ಪುಟಕ್ಕೆ ಹನ್ನೊಂದು ಸಲ ಕೈ ಎತ್ತಿದರು. ಎರಡನೇ ಪುಟಕ್ಕೆ ನಾಲ್ಕು. ಮೂರನೇ ಪುಟದಲ್ಲಿ ದೋಣಿ ಮುಳುಗುವಾಗ ಕೈ ಎತ್ತುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ಕೂತಿದ್ದರು.

ಮಾರ್ಚ್ 31, ಸೋಮವಾರ

ಮಧ್ಯಾಹ್ನದ ಒಂದೇ ಗಂಟೆ ಇದ್ದದ್ದು. ಹೃದಯದ ಗುರುತು ನನ್ನ ಕಡೆ, ಬಾಯಿಗೂ ಮೈಕಿಗೂ ಒಂದು ಗೇಣು, ಸ್ವಲ್ಪ ಓರೆಯಾಗಿ, ಉಸಿರು ನೇರ ಬಡಿಯದ ಹಾಗೆ. ಎದುರಿನ ಬಾಗಿಲಿಗೂ ಎರಡು ಕಂಬಳಿ ನೇತುಹಾಕಿದೆ. ಐದು ಪುಟ ಓದಿ ಎರಡಕ್ಕೆ ಐದು ನಿಮಿಷ ಇದೆ ಅನ್ನುವಾಗ ಕಳಿಸಿದೆ. ಕೇಳಿ ನೋಡಲು ಹೊತ್ತಿರಲಿಲ್ಲ. ಕಿಟಕಿ ತೆಗೆದರೆ ಹಲ್ಲಿನ ಸೆಟ್ಟಿನ ಯಜಮಾನರು ನಿಂತಿದ್ದರು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೊಟ್ಟೆ, ಹಾಕಿಕೊಂಡರು, ಆಮೇಲೆ ಅರ್ಧ ಗಂಟೆ ಹರಟೆ ಹೊಡೆದೆವು.

ಏಪ್ರಿಲ್ 4, ಶುಕ್ರವಾರ

ಮೇಡಂ ಫೋನ್ ಮಾಡಿದರು, ಈ ಸಲ ನನ್ನ ಕೋಣೆಯ ಫೋನಿಗೇ. ಹದಿನಾಲ್ಕೂ ಅಧ್ಯಾಯ ನನಗೆ! “ಮುದುಕಿ ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ ಮೇಡಂ” ಅಂದರು. ಮುದುಕಿ! ನನಗಿನ್ನೂ ನಲವತ್ತೊಂಬತ್ತು. ಸ್ವಲ್ಪ ಉರಿಯಿತು, ಆದರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಾಲ್ಕನೇ ಪುಟದಲ್ಲಿ ದೋಣಿಯವಳು ಹುಟ್ಟು ಹಾಕುವ ಸಾಲನ್ನು ಆತುರದಲ್ಲಿ ಓದಿದ್ದೇನೆ, ಅದನ್ನು ತಿದ್ದಿ ಕೊಡುತ್ತೇನೆ ಅಂದೆ. ಅವರಿಗೆ ಅದು ಗೊತ್ತೇ ಆಗಿರಲಿಲ್ಲವಂತೆ.

ಇವತ್ತು ಫೋನಿನಲ್ಲಿ ಹದಿನೇಳು ವಿಚಾರಣೆ. ಅಷ್ಟಕ್ಕೂ ಉತ್ತರ ಕೊಟ್ಟೆ. ಒಬ್ಬ ಸಾರ್ ಅಂದ, ಅವನ ಚೀಲ ಸಿಕ್ಕಿತ್ತು, ಬಣ್ಣ ಹೇಳಪ್ಪಾ ಅಂದೆ. ಅಂಗಡಿಗೆ ಹೋಗಿ ಸಾಹೇಬರಿಗೂ ಹೇಳಬೇಕು, ಮೂರನೇ ಮೈಕು ಇಟ್ಟುಕೊಳ್ಳುತ್ತೇನೆ ಅಂತ. ಜಗಳಕ್ಕೆ ಕ್ಷಮೆಯನ್ನೂ ಕೇಳಬೇಕು. ಕೂಗಿಯೇ ಕೇಳುತ್ತೇನೆ.

ಏಪ್ರಿಲ್ 9, ಬುಧವಾರ

ಎರಡನೇ ಅಧ್ಯಾಯ. ತುಂಬಾ ಕಷ್ಟದ್ದು. ದೋಣಿಯವಳ ತಂಗಿ ಅವಳನ್ನು ಬಿಟ್ಟು ಹೋಗುವ ಜಾಗ. ಮೂರು ದಿನದಿಂದ ಮನೆಯಲ್ಲಿ ಓದಿ ಓದಿ, ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಇವತ್ತು ಮಧ್ಯಾಹ್ನ ಕೂತೆ. ಸರಿಯಾಗಿ ಬರುತ್ತಿತ್ತು. ನನಗೇ ಗೊತ್ತಾಗುತ್ತಿತ್ತು, ಇದು ಬರುತ್ತಿದೆ ಅಂತ. ತಂಗಿ ದಡಕ್ಕಿಳಿದಳು. ಹಿಂದಿರುಗಿ ನೋಡಲಿಲ್ಲ. ಅಕ್ಕ ಕರೆಯಬೇಕು, ಕರೆಯುವ ಮುಂಚೆ ಒಂದು ಉಸಿರಿನ ಜಾಗ ಬಿಟ್ಟೆ.

“ಪ್ರಯಾಣಿಕರ ಗಮನಕ್ಕೆ! ದಯವಿಟ್ಟು ಹಳದಿ ಗೆರೆಯ…”

“ಥೂ, ಬಾಯಿ ಮುಚ್ಚೇ!” ಅಂತ ಕಿರುಚಿದೆ. ಕೋಟುಗಳು ಇಲ್ಲದಿದ್ದರೆ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಕೇಳಿಸಿರುತ್ತಿತ್ತು. ಮತ್ತೆ ಮೊದಲಿಂದ ಶುರು ಮಾಡಿದೆ. ಇನ್ನೇನು ತಂಗಿ ಇಳಿಯಬೇಕು, ಮತ್ತೆ ಅವಳೇ! ಇಪ್ಪತ್ತು ನಿಮಿಷಕ್ಕೊಮ್ಮೆ ಅದೇ ಜೇನಿನಂಥ ದನಿ, ಅದೇ ರಾಗ, ಯಾರು ಸತ್ತರೂ ಯಾರು ಬಿಟ್ಟುಹೋದರೂ ಅದೇ ಹಳದಿ ಗೆರೆ. ತಲೆ ಕೆಟ್ಟುಹೋಯಿತು. ನೇರ ಸ್ಟೇಷನ್ ಮಾಸ್ಟರ್ ಕೋಣೆಗೆ ಹೋದೆ.

“ಸರ್, ನನ್ನ ಕೋಣೆಯ ಸ್ಪೀಕರ್ ತೆಗೆಸಿಬಿಡಿ.”

ಅವರು ಪೆನ್ನು ಕೆಳಗಿಟ್ಟರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಮುಖಕ್ಕೆ ಮುಖ ಕೊಟ್ಟು ನೋಡಿದರು.

“ಮೇಡಂ, ಅದು… ಅಲ್ಲಿ ಸ್ಪೀಕರ್ ಇರಲೇ ಇಲ್ಲ. ನಿಮ್ಮನ್ನ ಅಲ್ಲಿಗೆ ಹಾಕಿದ ವಾರ ನಾನೇ ಹೇಳಿ ಹಾಕಿಸಿದ್ದು. ನಿಮ್ಮ ದನಿ ನಿಮಗೆ ಕೇಳ್ತಾ ಇರಲಿ ಅಂತ.”

ಪಾಪ, ಒಳ್ಳೇ ಮನುಷ್ಯ. ಕುರ್ಚಿ ಕಿತ್ತುಕೊಂಡವರು ಅಂತ ಅಷ್ಟು ದಿನ ಅವರ ಮೇಲೆ ಒಳಗೊಳಗೇ ಸಿಟ್ಟಿಟ್ಟುಕೊಂಡಿದ್ದೆ.

“ನಿಮ್ಮ ಉಪಕಾರ ಮರೆಯಲ್ಲ ಸರ್. ಆದರೆ ಅವಳು ನನಗೆ ಓದೋಕೆ ಬಿಡ್ತಿಲ್ಲ” ಅಂದೆ.

ಎಲೆಕ್ಟ್ರಿಷಿಯನ್ ಏಣಿ ತರುವಷ್ಟರಲ್ಲಿ ಎರಡು ಗಂಟೆ ಆಗಿಬಿಡುತ್ತೆ ಅಂತ ನಾನೇ ಕುರ್ಚಿ ಹತ್ತಿ ತಂತಿ ಕಿತ್ತೆ. ಉಳಿದದ್ದು ಹದಿನೆಂಟು ನಿಮಿಷ. ತಂಗಿ ಇಳಿದಳು, ಅಕ್ಕ ಕರೆದಳು, ಎಲ್ಲೂ ನಿಲ್ಲಿಸದೆ ಅಧ್ಯಾಯದ ಕೊನೆಯ ಪುಟದ ತನಕ ಓದಿದೆ.